ಕೆಟ್ಟ ಬ್ಯಾಟರಿಯೂ ಮನೆಯ ವಿವೇಕವೂ

ಹಳೆಯದನ್ನು ಬಿಸಾಡದೆ ಸರಿಪಡಿಸಿಕೊಂಡು ಬಾಳುವುದು ನಮ್ಮ ಕಡೆಯ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಗುಣವಾಗಿದೆ. ಹರಿದ ಸೀರೆ ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಅಜ್ಜಿಯರನ್ನೂ, ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸಿ ಮಗಳ ಕಾಲಕ್ಕೂ ಉಳಿಸಿಕೊಟ್ಟ ತಾಯಂದಿರನ್ನೂ, ಸವೆದ ಕುಡವನ್ನು ಕಾಸಿ ತಟ್ಟಿ ಕುಂಟೆಯನ್ನು ಮತ್ತೆ ಹೊಲಕ್ಕೆ ಕಳುಹಿಸುವ ಕಮ್ಮಾರರನ್ನೂ ಕಾಣದವರು ವಿಜಯಪುರ ಸೀಮೆಯಲ್ಲಿ ಯಾರೂ ಇರಲಾರರು. ಮಳೆ ಕಡಿಮೆಯೂ ಬರ ಹೆಚ್ಚೂ ಆಗಿರುವ ನಾಡಿನಲ್ಲಿ ಮಿತವ್ಯಯವನ್ನು ಜನರು ಪುಸ್ತಕದಿಂದ ಕಲಿತವರಲ್ಲ, ಹಸಿವೆಯಿಂದ ಕಲಿತವರು. ಈ ಗುಣವನ್ನು ನಾವು ಮನಃಪೂರ್ವಕವಾಗಿ ಗೌರವಿಸುವೆವು. ಆದರೆ ಯಾವ ಸದ್ಗುಣವೇ ಆಗಲಿ ವಿವೇಕದ ಕೈಹಿಡಿಯದೆ ನಡೆದರೆ ಎಡವುವುದುಂಟು. ನಮ್ಮ ಮಕ್ಕಳ ಆಟದ ಕಾರಿನೊಳಗಿರುವ ಅಂಗೈಯಷ್ಟು ಬ್ಯಾಟರಿಯ ಸಂಗತಿಯಲ್ಲಿ ಅದು ಹೀಗೆ ಎಡವುತ್ತಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಶಾಲೆಯ ಸ್ಮರಣಸಂಚಿಕೆಯಲ್ಲಿ ಇಷ್ಟು ಚಿಕ್ಕ ವಸ್ತುವಿಗೆ ಎಡೆಯೇಕೆ ಎಂದು ಕೆಲವರು ಕೇಳಬಹುದು. ದೂರದಿಂದ ನಡೆಸುವ ಕಾರುಗಳು ಈಗ ನಗರದ ದೊಡ್ಡ ಮನೆಗಳ ಸ್ವತ್ತಾಗಿ ಉಳಿದಿಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಿಂದಲೂ, ಅಂಗಡಿಗಳಿಂದಲೂ, ಮನೆಬಾಗಿಲಿಗೆ ಬರುವ ಪಾರ್ಸೆಲ್ಲುಗಳಿಂದಲೂ ಅವು ಅಥಣಿ ರಸ್ತೆಯ ಟಿಕೋಟಾಕ್ಕೂ ಜಮಖಂಡಿ ರಸ್ತೆಯ ಬಬಲೇಶ್ವರಕ್ಕೂ ಸುತ್ತಲಿನ ತೋಟದ ಮನೆಗಳಿಗೂ ಹೋಗಿ ಸೇರಿವೆ. ದೊಡ್ಡ ಹುಡುಗರು ಇದನ್ನೇ ಹವ್ಯಾಸವಾಗಿ ಮಾಡಿಕೊಂಡು ಬಿಡಿಭಾಗಗಳನ್ನು ತರಿಸಿ, ತಾವೇ ಕಾರನ್ನು ಜೋಡಿಸಿ ಓಡಿಸುವರು. ಇದು ಒಳ್ಳೆಯ ಹವ್ಯಾಸವೇ ಸರಿ. ಕೈಗೂ ಬುದ್ಧಿಗೂ ಇದರಿಂದ ಕೆಲಸ ದೊರೆಯುತ್ತದೆ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಕಾರಿಗಿಂತ ಮೊದಲು ಅದರ ಬ್ಯಾಟರಿ ಕೆಡುತ್ತದೆ. ಒಂದು ದಿನ ಅದು ಉಬ್ಬಿಕೊಂಡಿರುತ್ತದೆ, ಇಲ್ಲವೆ ಕಾರು ಕಲ್ಲಿಗೆ ಬಡಿದು ಅದರ ಮೂಲೆ ತಗ್ಗಾಗಿರುತ್ತದೆ, ಇಲ್ಲವೆ ಎಷ್ಟು ಹೊತ್ತು ಚಾರ್ಜಿಗಿಟ್ಟರೂ ಏರುವುದಿಲ್ಲ. ಆಗ ಮಗನು ಅದನ್ನು ತಂದು ತಾಯಿಯ ಮುಂದೆ ಇಡುವನು. ಸರಿಪಡಿಸಬೇಕೆ, ಬಿಡಬೇಕೆ ಎಂಬ ಪ್ರಶ್ನೆ ಹೀಗೆ ಅಡಿಗೆಮನೆಯಲ್ಲಿ ಹುಟ್ಟುತ್ತದೆ. ಆ ತಾಯಂದಿರಲ್ಲಿ ಅನೇಕರು ಈ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಲಿತವರಾಗಿರುವುದರಿಂದ ಈ ಮಾತನ್ನು ಇಲ್ಲಿಯೇ ಆಡುವುದು ಯುಕ್ತವೆಂದು ಬಗೆದೆವು.

ಈ ಪ್ರಶ್ನೆಗೆ ಜನರು ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳನ್ನು ಕೊಡುವರು, ಎರಡೂ ತಪ್ಪಾದವುಗಳೇ. ಮಿತವ್ಯಯದವರು ಬ್ಯಾಟರಿಯನ್ನು ಒತ್ತಿ ಚಪ್ಪಟೆ ಮಾಡಿ, ಸೂಜಿಯಿಂದ ಚುಚ್ಚಿ ಗಾಳಿ ಬಿಟ್ಟು, ಟೇಪು ಸುತ್ತಿ ಮತ್ತೆ ಚಾರ್ಜಿಗಿಡುವರು. ಬೇಸತ್ತವರು ಅದನ್ನು ಹಿತ್ತಲಿನ ತಿಪ್ಪೆಗೆ ಎಸೆದು ಮರೆಯುವರು. ಮೊದಲನೆಯವರು ಬಿಡಬೇಕಾದದ್ದನ್ನು ಹಿಡಿದುಕೊಂಡರು. ಎರಡನೆಯವರು ಬಿಡುವುದೂ ಒಂದು ಕೆಲಸವೆಂಬುದನ್ನು ಅರಿಯದೆ ಹೋದರು. ಇವೆರಡರ ನಡುವಿನ ದಾರಿಯನ್ನು ಕಾಣಬೇಕಾದರೆ ಈ ವಸ್ತುವಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ.

ಬ್ಯಾಟರಿ ಎಂಬ ಒಂದೇ ಹೆಸರಿನಿಂದ ಕರೆದರೂ ಮಕ್ಕಳ ಕಾರುಗಳಲ್ಲಿ ಮೂರು ಜಾತಿಯ ಬ್ಯಾಟರಿಗಳು ಇರುತ್ತವೆ. ಚಿಕ್ಕ ಮಕ್ಕಳು ತಾವೇ ಕುಳಿತು ನಡೆಸುವ 6 ಅಥವಾ 12 ವೋಲ್ಟಿನ ಕಾರುಗಳಲ್ಲಿ ಬಹುಮಟ್ಟಿಗೆ ಇರುವುದು ಸೀಸದ ಬ್ಯಾಟರಿ. ಇದನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಎಂಬ ವಿಜ್ಞಾನಿಯು 1859ರಲ್ಲಿ ಕಂಡುಹಿಡಿದನು; ಇಂದಿಗೂ ಟ್ರ್ಯಾಕ್ಟರಿನಲ್ಲಿಯೂ ಮನೆಯ ಇನ್ವರ್ಟರಿನಲ್ಲಿಯೂ ಇದೇ ದುಡಿಯುತ್ತದೆ. ಹಳೆಯ ಮಾದರಿಯ ಆಟದ ಕಾರುಗಳಲ್ಲಿ ನಿಕಲ್ಲಿನ ಕೋಶಗಳಿರುತ್ತವೆ. ಒಂದೊಂದು ಕೋಶವು 1.2 ವೋಲ್ಟಿನದಾದುದರಿಂದ ಆರನ್ನು ಸಾಲಾಗಿ ಕೂಡಿಸಿದರೆ 7.2 ವೋಲ್ಟು ಆಗುತ್ತದೆ. ಮೂರನೆಯದೂ ಈಗ ಎಲ್ಲಕ್ಕಿಂತ ಹೆಚ್ಚು ಕಾಣುವಂಥದೂ ಲಿಥಿಯಂ ಬ್ಯಾಟರಿ. ಇದರ ಒಂದು ಕೋಶ 3.7 ವೋಲ್ಟು, ಎರಡು ಕೂಡಿದರೆ 7.4. ಹವ್ಯಾಸದ ಕಾರುಗಳಲ್ಲಿ ಇದು ಬೆಳ್ಳಿಯ ಬಣ್ಣದ ಮೆತ್ತನೆಯ ಚೀಲದಂತೆ ಇರುತ್ತದೆ; ಇದಕ್ಕೆ ಲಿಥಿಯಂ ಪಾಲಿಮರ್ ಎಂಬ ಹೆಸರುಂಟು. ಯಾವ ಜಾತಿಯದೆಂಬುದು ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಚೀಟಿಯನ್ನು ಓದದೆ ಯಾವ ನಿರ್ಣಯವನ್ನೂ ಮಾಡತಕ್ಕದ್ದಲ್ಲ; ಯಾಕೆಂದರೆ ಒಂದಕ್ಕೆ ಹಿತವಾದ ಚಿಕಿತ್ಸೆ ಇನ್ನೊಂದಕ್ಕೆ ಅಪಾಯವಾದೀತು.

ಲಿಥಿಯಂ ಬ್ಯಾಟರಿಯು ಮನುಷ್ಯನ ಬುದ್ಧಿಯ ದೊಡ್ಡ ಫಲಗಳಲ್ಲಿ ಒಂದೆಂಬುದರಲ್ಲಿ ಸಂಶಯವಿಲ್ಲ. 1991ರಲ್ಲಿ ಜಪಾನಿನ ಸೋನಿ ಕಂಪನಿಯು ಇದನ್ನು ಮೊದಲು ಪೇಟೆಗೆ ತಂದಿತು. ಇದಕ್ಕೆ ಅಡಿಪಾಯ ಹಾಕಿದ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಂ, ಅಕಿರಾ ಯೊಶಿನೊ ಈ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವರಲ್ಲಿ ಗುಡಿನಫ್ ಅವರಿಗೆ ಆಗ 97 ವರ್ಷ ವಯಸ್ಸು. ಇಂದು ನಮ್ಮ ಕೈಯಲ್ಲಿರುವ ಫೋನು ಇವರ ಪರಿಶ್ರಮದಿಂದಲೇ ನಡೆಯುತ್ತಿದೆ. ಆದರೆ ಇದರ ಒಳಗಿನ ರಚನೆ ಬಹಳ ಸೂಕ್ಷ್ಮ. ಒಂದು ಕಡೆ ತಾಮ್ರದ ತಗಡು, ಇನ್ನೊಂದು ಕಡೆ ಅಲ್ಯುಮಿನಿಯಂ ತಗಡು, ಅವುಗಳ ಮೇಲೆ ಲೇಪಗಳು, ಇವೆರಡೂ ಒಂದನ್ನೊಂದು ಮುಟ್ಟದಂತೆ ನಡುವೆ ಕೂದಲೆಳೆಗಿಂತಲೂ ತೆಳುವಾದ ಪ್ಲಾಸ್ಟಿಕ್ಕಿನ ಪೊರೆ, ಇವನ್ನೆಲ್ಲ ನೆನೆಸಿರುವ ಬೆಂಕಿಗೆ ಬೇಗ ಹತ್ತುವ ದ್ರವ. ಇಷ್ಟೂ ಆ ಚಿಕ್ಕ ಚೀಲದಲ್ಲಿ ಮಡಚಿಕೊಂಡಿರುತ್ತವೆ. 7.4 ವೋಲ್ಟಿನ 1500 ಮಿಲಿ ಆಂಪಿಯರ್ ಅವರ್ ಬ್ಯಾಟರಿಯೊಂದು ಪೂರ್ತಿ ತುಂಬಿದಾಗ ಒಂದು ಲೋಟ ಚಹದ ನೀರನ್ನು ಕುದಿಸುವಷ್ಟು ವಿದ್ಯುಚ್ಛಕ್ತಿ ಅದರಲ್ಲಿರುತ್ತದೆ. ಆ ಶಕ್ತಿಯು ಅರ್ಧ ತಾಸು ಕಾರನ್ನು ಓಡಿಸಿ ಮೆಲ್ಲಗೆ ಹೊರಬಂದರೆ ಆಟ. ಪೊರೆ ಹರಿದು ಕೆಲವು ಕ್ಷಣಗಳಲ್ಲಿ ಒಮ್ಮೆಗೇ ಹೊರಬಂದರೆ ಬೆಂಕಿ.

ಇನ್ನು ಉಬ್ಬುವುದೆಂದರೇನು? ಒಳಗಿನ ದ್ರವವು ಅತಿಯಾದ ಚಾರ್ಜಿನಿಂದಲೋ, ಬಿಸಿಲಿನಿಂದಲೋ, ಮುಪ್ಪಿನಿಂದಲೋ ಒಡೆದು ಅನಿಲಗಳಾಗುತ್ತದೆ. ಹೋಗಲು ದಾರಿಯಿಲ್ಲದೆ ಅವು ಚೀಲವನ್ನು ಹಿಗ್ಗಿಸುತ್ತವೆ. ಅಂದರೆ ಉಬ್ಬುವುದು ರೋಗವಲ್ಲ, ರೋಗದ ಲಕ್ಷಣ. ಗಾಳಿ ಬಿಟ್ಟರೆ ಚೀಲ ಚಪ್ಪಟೆಯಾದೀತೇ ಹೊರತು ಒಡೆದ ದ್ರವ ಮತ್ತೆ ಕೂಡಿಬಾರದು. ಮೇಲಾಗಿ ಚುಚ್ಚಿದ ಸೂಜಿ ಎರಡು ತಗಡುಗಳನ್ನೂ ಮುಟ್ಟಿತೆಂದರೆ ಅಲ್ಲಿಯೇ ಉರಿ ಏಳುವುದು. ನಮ್ಮ ಹಿರಿಯರು ಜೋಳ ತುಂಬಿದ ಹಗೇವಿನ ಬಾಯಿ ತೆರೆದೊಡನೆ ಒಳಗೆ ಇಳಿಯುತ್ತಿರಲಿಲ್ಲ. ಮುಚ್ಚಿದ ಜಾಗದಲ್ಲಿ ಕೆಟ್ಟ ಗಾಳಿ ಕೂಡಿರುವುದೆಂದೂ ಅದು ಕಣ್ಣಿಗೆ ಕಾಣದೆ ಕೊಲ್ಲುವುದೆಂದೂ ಅವರು ಅನುಭವದಿಂದ ಬಲ್ಲವರಾಗಿದ್ದರು. ಉಬ್ಬಿದ ಬ್ಯಾಟರಿಯನ್ನು ಕಂಡಾಗ ನಮಗೆ ಬೇಕಾದದ್ದೂ ಆ ಹಳೆಯ ಎಚ್ಚರಿಕೆಯೇ.

ಹೀಗಿರಲು ನಿರ್ಣಯಿಸುವ ಬಗೆ ಹೇಗೆ? ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಗಾಯವು ಹೊರಗಿನದೋ ಒಳಗಿನದೋ? ಹೊರಗಿನ ಗಾಯವನ್ನು ಸರಿಪಡಿಸಬಹುದು. ಒಳಗಿನ ಗಾಯವನ್ನು ಮನೆಯಲ್ಲಿ ಯಾರೂ ಸರಿಪಡಿಸಲಾರರು, ಸರಿಪಡಿಸಲು ಹೋಗಲೂ ಬಾರದು.

ಹೊರಗಿನ ಗಾಯಗಳು ಇವು: ತಂತಿಯ ಮೇಲಿನ ಹೊದಿಕೆ ಸುಲಿದಿರುವುದು, ಬೆಸುಗೆ ಬಿಟ್ಟಿರುವುದು, ಕೊಂಡಿಯಂತಿರುವ ಕನೆಕ್ಟರ್ ಕರಗಿರುವುದು ಅಥವಾ ತುಕ್ಕು ಹಿಡಿದಿರುವುದು, ಮೇಲಿನ ಚೀಟಿ ಮಾತ್ರ ಹರಿದಿರುವುದು. ಇಂಥವುಗಳಿಗಾಗಿ ಒಳ್ಳೆಯ ಬ್ಯಾಟರಿಯನ್ನು ಬಿಡುವುದು ದುಂದುಗಾರಿಕೆ. ಬೆಸುಗೆ ಬಲ್ಲವರು ಹತ್ತು ನಿಮಿಷಗಳಲ್ಲಿ ಹೊಸ ಕನೆಕ್ಟರ್ ಕೂಡಿಸಿಕೊಡುವರು. ಒಂದೇ ಒಂದು ಎಚ್ಚರಿಕೆ: ಎರಡು ತಂತಿಗಳನ್ನು ಒಂದೇ ಕತ್ತರಿಯ ಬಾಯಲ್ಲಿ ಒಮ್ಮೆಗೇ ಕತ್ತರಿಸಬಾರದು. ಕತ್ತರಿಯ ಲೋಹವೇ ಎರಡನ್ನೂ ಕೂಡಿಸಿ ಕಿಡಿ ಹಾರಿಸುವುದು. ಒಂದನ್ನು ಕತ್ತರಿಸಿ ಟೇಪು ಸುತ್ತಿ ಬದಿಗಿಟ್ಟ ಮೇಲೆ ಇನ್ನೊಂದಕ್ಕೆ ಕೈಹಾಕಬೇಕು.

ಒಳಗಿನ ಗಾಯದ ಗುರುತುಗಳು ಹೀಗಿವೆ: ಚೀಲ ಉಬ್ಬಿರುವುದು, ತಗ್ಗು ಬಿದ್ದಿರುವುದು ಅಥವಾ ತೂತಾಗಿರುವುದು, ಬಣ್ಣದಂಗಡಿಯಂಥ ಸಿಹಿಯಾದ ಘಾಟು ಬರುವುದು, ಬಳಸದೆ ಇಟ್ಟಾಗಲೂ ಕೈಗೆ ಬಿಸಿ ಹತ್ತುವುದು, ನೀರಿನಲ್ಲಿ ಬಿದ್ದು ನೆನೆದಿರುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಮುಂದಿನ ಪರೀಕ್ಷೆ ಬೇಡ. ಆ ಬ್ಯಾಟರಿಯ ಆಯುಷ್ಯ ತೀರಿತೆಂದು ತಿಳಿಯಬೇಕು.

ಇಂಥ ಗುರುತು ಕಾಣದೆ ಚಾರ್ಜು ಮಾತ್ರ ನಿಲ್ಲದಿದ್ದರೆ ಮಲ್ಟಿಮೀಟರಿನಿಂದ ಅಳೆಯಬಹುದು. ಹವ್ಯಾಸದ ಬ್ಯಾಟರಿಗಳಲ್ಲಿ ಒಂದೊಂದು ಕೋಶವನ್ನೂ ಬೇರೆ ಬೇರೆಯಾಗಿ ಅಳೆಯಲು ಅನುಕೂಲವಾಗುವ ಚಿಕ್ಕ ಬಿಳಿಯ ಕನೆಕ್ಟರ್ ಇರುತ್ತದೆ. ಪೂರ್ತಿ ತುಂಬಿದ ಕೋಶ 4.2 ವೋಲ್ಟು ತೋರಿಸಬೇಕು. ಬಳಸಿದ ಮೇಲೆಯೂ 3 ವೋಲ್ಟಿಗಿಂತ ಕೆಳಗಿಳಿಯಬಾರದು. ಎರಡು ಕೋಶಗಳಲ್ಲಿ ಅಲ್ಪ ವ್ಯತ್ಯಾಸವಿದ್ದರೆ ಕೋಶಗಳನ್ನು ಸಮತೂಕಗೊಳಿಸುವ ಒಳ್ಳೆಯ ಚಾರ್ಜರ್ ಅದನ್ನು ಸರಿಪಡಿಸುವುದು. ಆದರೆ ಯಾವುದೇ ಕೋಶವು ತಿಂಗಳುಗಟ್ಟಲೆ ಬರಿದಾಗಿ ಬಿದ್ದು 2.5 ವೋಲ್ಟಿಗಿಂತ ಕೆಳಗೆ ಹೋಗಿದ್ದರೆ ಅದನ್ನು ಬದುಕಿಸುವ ಆಸೆಯನ್ನು ಬಿಡುವುದು ಒಳ್ಳೆಯದು. ತೀರ ಬರಿದಾದ ಕೋಶದಲ್ಲಿ ತಾಮ್ರದ ತಗಡೇ ದ್ರವದೊಳಗೆ ಕರಗತೊಡಗುತ್ತದೆ. ಮತ್ತೆ ಚಾರ್ಜು ಮಾಡಿದಾಗ ಆ ತಾಮ್ರವು ಸಲ್ಲದ ಎಡೆಯಲ್ಲಿ ಮುಳ್ಳಿನಂತೆ ಬೆಳೆದು ನಡುವಿನ ಪೊರೆಯನ್ನು ಚುಚ್ಚುತ್ತದೆ. ಹೊರಗಿನಿಂದ ನೋಡಿದರೆ ಬ್ಯಾಟರಿ ಚೇತರಿಸಿಕೊಂಡಂತೆಯೇ ಕಾಣುವುದು. ಕೆಡುಕು ಹೀಗೆ ಆರೋಗ್ಯದ ವೇಷದಲ್ಲಿ ಬರುವುದರಿಂದಲೇ ಈ ಒಂದು ಸಂಗತಿಯನ್ನು ಬಿಡಿಸಿ ಹೇಳಿದೆವು.

ಉಳಿದ ಎರಡು ಜಾತಿಗಳ ವಿಷಯದಲ್ಲಿ ಇಷ್ಟು ಭಯಕ್ಕೆ ಕಾರಣವಿಲ್ಲ. ನಿಕಲ್ಲಿನ ಸಾಲಿನಲ್ಲಿ ಒಂದು ಕೋಶ ಮಾತ್ರ ಸತ್ತಿದ್ದರೆ ಬಲ್ಲ ಕುಶಲಿಯು ಅದೊಂದನ್ನೇ ಬದಲಿಸಿಕೊಡಬಹುದು. ಸೀಸದ ಬ್ಯಾಟರಿಯ ಟರ್ಮಿನಲ್ಲಿಗೆ ಹಿಡಿದ ಹುಡಿಯನ್ನು ಕೈಗವಸು ತೊಟ್ಟು ಒರೆಸಿದರೆ ಎಷ್ಟೋ ಸಲ ಕಾರು ಮತ್ತೆ ಓಡುವುದು. ಆದರೆ ಪೆಟ್ಟಿಗೆ ಸೀಳಿದ ಸೀಸದ ಬ್ಯಾಟರಿಯನ್ನು ಅಂಟು ಹಚ್ಚಿ ಇಟ್ಟುಕೊಳ್ಳಬಾರದು. ಒಳಗಿರುವುದು ಗಂಧಕಾಮ್ಲ, ಅದರ ಬದಿಯಲ್ಲಿ ಆಡುವವರು ಮಕ್ಕಳು.

ಇಲ್ಲಿ ತಂದೆತಾಯಿಗಳು ಒಂದು ಆಕ್ಷೇಪಣೆ ಎತ್ತುವರು. ಇಂಥ ಬ್ಯಾಟರಿಗೆ ಕೆಲವು ನೂರರಿಂದ ಒಂದೆರಡು ಸಾವಿರ ರೂಪಾಯಿಯವರೆಗೆ ಬೆಲೆ ಇದೆ. ದ್ರಾಕ್ಷಿಯ ಧಾರಣೆ ಕುಸಿದ ವರ್ಷದಲ್ಲಿ ಅದೇನು ಸಣ್ಣ ಮೊತ್ತವೇ? ಆಟಿಕೆಯ ಬ್ಯಾಟರಿಯಿಂದ ಅಂಥ ಅನಾಹುತವಾದರೂ ಏನಾದೀತು? ಈ ಮಾತನ್ನು ನಾವು ಹಗುರಾಗಿ ಕಾಣುವುದಿಲ್ಲ. ದುಡಿದು ತಂದ ಹಣದ ಬೆಲೆಯನ್ನು ದುಡಿದವರೇ ಬಲ್ಲರು. ಆದರೆ ತೂಗುವಾಗ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. 2022ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗಿಟ್ಟಿದ್ದ ವಿದ್ಯುತ್ ಸ್ಕೂಟರಿಗೆ ಬೆಂಕಿ ಹತ್ತಿ, ತಂದೆಯೂ ಶಾಲೆಗೆ ಹೋಗುವ ಮಗಳೂ ಹೊಗೆಯಿಂದ ಉಸಿರುಕಟ್ಟಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರುಗಳ ಅಂಗಡಿಯಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲಿನ ವಸತಿಗೃಹದಲ್ಲಿ ತಂಗಿದ್ದವರು ಸೇರಿ 8 ಜನರು ಅಸುನೀಗಿದರು. ಸ್ಕೂಟರಿನ ಬ್ಯಾಟರಿ ದೊಡ್ಡದು, ಆಟಿಕೆಯದು ಚಿಕ್ಕದು ಎಂಬುದು ನಿಜ. ಒಳ್ಳೆಯ ಸ್ಥಿತಿಯಲ್ಲಿರುವ ಬ್ಯಾಟರಿಗೆ ಯಾರೂ ಅಂಜಬೇಕಾಗಿಲ್ಲವೆಂಬುದೂ ನಿಜ. ಆದರೆ ಗಾಯಗೊಂಡ ಚಿಕ್ಕ ಬ್ಯಾಟರಿಯನ್ನು ನಾವು ಇಡುವುದೆಲ್ಲಿ? ಹಾಸಿಗೆಯ ಮಗ್ಗುಲಲ್ಲಿರುವ ಪ್ಲಗ್ಗಿನ ಕೆಳಗೆ, ಕೌದಿಯ ಗಂಟಿನ ಮೇಲೆ, ತೋಟದ ಮನೆಯಲ್ಲಾದರೆ ಕಣಿಕೆಯ ಬಣವೆಯ ಸಮೀಪದಲ್ಲಿ. ಬೆಂಕಿಗೆ ಆರಂಭ ಚಿಕ್ಕದಾದರೂ ಸಾಲುತ್ತದೆ. ಕಣಿಕೆ ಸುಟ್ಟರೆ ದನಗಳ ವರ್ಷದ ಮೇವು ಹೋಯಿತು. ಹೊಗೆ ತುಂಬಿದರೆ ಮಲಗಿದ ಮಕ್ಕಳಿಗೆ ಎಚ್ಚರವೇ ಆಗದು. ಸಾವಿರ ರೂಪಾಯಿಯನ್ನು ಉಳಿಸಲು ಇದನ್ನು ಪಣಕ್ಕಿಡುವುದಕ್ಕೆ ಮಿತವ್ಯಯವೆಂಬ ಒಳ್ಳೆಯ ಹೆಸರನ್ನು ಕೊಡಲು ನಮಗೆ ಮನಸ್ಸು ಬಾರದು.

ಎರಡನೆಯ ಆಕ್ಷೇಪಣೆ ಇನ್ನೂ ವಿಚಾರಾರ್ಹವಾದುದು. ಎಲ್ಲವನ್ನೂ ಬಿಸಾಡಿ ಹೊಸದು ಕೊಳ್ಳುವುದನ್ನು ಕಲಿಸುವುದೇ ಇಂದಿನ ವ್ಯಾಪಾರದ ತಂತ್ರ. ನೀವೂ ಅದನ್ನೇ ಹೇಳುತ್ತೀರಲ್ಲ ಎಂದು ಹಿರಿಯರು ಕೇಳಬಹುದು. ಇದಕ್ಕೆ ನಮ್ಮ ಊರಿನ ಇತಿಹಾಸದಿಂದಲೇ ಉತ್ತರ ಕೊಡುವೆವು. 1549ರಲ್ಲಿ ಎರಕಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ನಿರುಪಯುಕ್ತ ಲೋಹವೆಂದು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಆ ಹರಾಜು ರದ್ದಾಯಿತು. ಇಲ್ಲದಿದ್ದರೆ ಇಂದು ಬುರುಜು ಬರಿದಾಗಿರುತ್ತಿತ್ತು. ಕಸವೂ ಹೂಳೂ ತುಂಬಿ ಕೆಟ್ಟುಹೋಗಿದ್ದ ತಾಜ್ ಬಾವಡಿಯನ್ನು ನಮ್ಮ ಕಾಲದಲ್ಲಿಯೇ ಹೂಳೆತ್ತಿ ಶುದ್ಧಗೊಳಿಸಿದರು. ಇವನ್ನು ಉಳಿಸಿದ್ದು ಸರಿಯಾಯಿತು. ಯಾಕೆಂದರೆ ತೋಪಿಗೆ ಗಾಯವೇ ಇರಲಿಲ್ಲ. ಬಾವಡಿಯ ಕೇಡು ಮೇಲೆ ಬಂದು ಕೂತದ್ದು, ಕಲ್ಲಿನ ಕಟ್ಟಡ ಒಳಗೆ ಗಟ್ಟಿಯಾಗಿತ್ತು. ನಾವು ಬ್ಯಾಟರಿಗೆ ಹೇಳಿದ ನಿಯಮವೂ ಇದೇ. ಅದು ಕೊಳ್ಳುವವರ ಆಲಸ್ಯದಿಂದ ಹುಟ್ಟಿದ್ದಲ್ಲ. ವಸ್ತುವಿನ ಒಳಗನ್ನು ನೋಡಿ ಹೇಳಿದ್ದು. ಬ್ಯಾಟರಿ ಕೆಟ್ಟಿತೆಂದು ಕಾರನ್ನೇ ಬಿಸಾಡುವವರನ್ನು ನಾವೂ ಒಪ್ಪುವುದಿಲ್ಲ. ಕಾರಿನ ಮೋಟಾರು, ಗಾಲಿ, ಚಾರ್ಜರ್ ಎಲ್ಲವೂ ಉಳಿಯಲಿ. ಅದೇ ವೋಲ್ಟಿನ ಹೊಸ ಬ್ಯಾಟರಿ ಬಂದರೆ ಕಾರು ಮತ್ತೆ ವರ್ಷಗಟ್ಟಲೆ ಓಡುವುದು.

ಬಿಡಬೇಕೆಂದು ಗೊತ್ತಾದ ಮೇಲೆ ಬಿಡುವ ಬಗೆಯನ್ನು ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ತಿಪ್ಪೆಯೆಂದರೆ ಕಸದ ಕೊನೆಯಲ್ಲ, ಬೆಳೆಯ ಮೊದಲು. ಇಂದು ತಿಪ್ಪೆಗೆ ಬಿದ್ದದ್ದು ಮುಂದಿನ ವರ್ಷ ಗೊಬ್ಬರವಾಗಿ ಚಕ್ಕಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೊಲಕ್ಕೆ ಹೋಗುವುದು. ಟಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯ ಪಡಗಳಿಗೂ ಅದೇ ಗೊಬ್ಬರ. ಆ ಪಡಗಳ ಒಣದ್ರಾಕ್ಷಿಯು ದೂರದೂರದ ಮಕ್ಕಳ ಬಾಯಿಗೆ ಹೋಗುವಂಥದು. ಸೀಸವನ್ನೂ ಕ್ಯಾಡ್ಮಿಯಂ ಎಂಬ ವಿಷಲೋಹವನ್ನೂ ಕೈಯಾರೆ ಅದರಲ್ಲಿ ಬೆರೆಸುವುದು ಎಂಥ ಕೃಷಿ? ನಗರದ ಕಸದ ಗಾಡಿಗೆ ಮುಚ್ಚಿ ಹಾಕಿದರೂ ಪಾಪ ತಪ್ಪಲಿಲ್ಲ. ಗಾಡಿಯಲ್ಲಿ ಕಸವನ್ನು ಒತ್ತಿದಾಗ ಬ್ಯಾಟರಿ ಒಡೆದು ಹೊತ್ತಿಕೊಂಡರೆ ಸುಡುವುದು ನಮ್ಮ ಬಾಗಿಲನ್ನು ಸ್ವಚ್ಛವಾಗಿಡುವ ಪೌರಕಾರ್ಮಿಕರ ಕೈಯನ್ನು.

ಸೀಸದ ಬ್ಯಾಟರಿಗೆ ಗುಜರಿಯಲ್ಲಿ ಬೆಲೆ ಇರುವುದರಿಂದ ಅದನ್ನು ಯಾರೂ ಎಸೆಯುವುದಿಲ್ಲ; ಅದರ ಅಪಾಯ ಬೇರೆ ಬಗೆಯದು. ಗೊತ್ತಿಲ್ಲದ ಎಡೆಗಳಲ್ಲಿ ಅದನ್ನು ಒಡೆದು ಬಯಲಿನಲ್ಲಿ ಕರಗಿಸಿದರೆ ಸೀಸದ ಹೊಗೆಯೂ ಹುಡಿಯೂ ಸುತ್ತಲಿನ ಮಕ್ಕಳ ರಕ್ತವನ್ನು ಸೇರುತ್ತವೆ. ಲೋಕದ ಮೂರು ಮಕ್ಕಳಲ್ಲಿ ಒಂದರಂತೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆಯೆಂದು ಯುನಿಸೆಫ್ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿ ತಿಳಿಸಿತು. ಬ್ಯಾಟರಿಗಳನ್ನು ಹೀಗೆ ಅಡ್ಡಾದಿಡ್ಡಿಯಾಗಿ ಕರಗಿಸುವುದು ಅದರ ಮುಖ್ಯ ಕಾರಣಗಳಲ್ಲಿ ಒಂದೆಂದೂ ಅದು ಹೇಳಿತು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುವಂಥದು. ಆದಕಾರಣ ನಾಲ್ಕು ರೂಪಾಯಿ ಕಡಿಮೆ ಬಂದರೂ ಸರಿಯೆ, ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಆ ಅಧಿಕೃತ ಮಾರಾಟಗಾರರಿಗೇ ಒಪ್ಪಿಸುವುದು ಒಳ್ಳೆಯದು.

ಈ ವಿಷಯದಲ್ಲಿ ಕಾನೂನೂ ಉಂಟು. 2022ರ ಆಗಸ್ಟ್ 22ರಂದು ಭಾರತ ಸರಕಾರವು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಮೇರೆಗೆ ಬಳಸಿ ಕೆಟ್ಟ ಬ್ಯಾಟರಿಗಳನ್ನು ಸಂಗ್ರಹಿಸಿ ಪುನಃ ಉಪಯೋಗಕ್ಕೆ ತರಿಸುವ ಹೊಣೆ ಅವುಗಳನ್ನು ತಯಾರಿಸಿ ಮಾರುವವರ ಮೇಲಿದೆ. ಅವುಗಳನ್ನು ಹೂಳುವುದಕ್ಕೂ ಸುಡುವುದಕ್ಕೂ ಅನುಮತಿಯಿಲ್ಲ. ಬಳಸುವವರಾದ ನಮಗೂ ಕರ್ತವ್ಯವಿದೆ: ಬ್ಯಾಟರಿಯನ್ನು ಬೇರೆ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿಟ್ಟು ಸಂಗ್ರಹಿಸುವವರ ಕೈಗೇ ಕೊಡಬೇಕು. ಬ್ಯಾಟರಿಯ ಮೇಲೆ ಗೀಟು ಹೊಡೆದ ಕಸದ ಡಬ್ಬಿಯ ಚಿತ್ರವಿರುವುದು ಇದನ್ನು ಸೂಚಿಸುವುದಕ್ಕಾಗಿಯೇ. ಒಪ್ಪಿಸುವವರೆಗೆ ಹೀಗೆ ಮಾಡಬೇಕು: ತಂತಿಯ ತುದಿಗಳಿಗೆ ಒಂದೊಂದಕ್ಕೂ ಬೇರೆಯಾಗಿ ಟೇಪು ಸುತ್ತಬೇಕು, ಹಳೆಯ ಮಡಕೆಯಲ್ಲಿ ಒಣ ಮರಳು ತುಂಬಿ ಅದರಲ್ಲಿ ಬ್ಯಾಟರಿಯನ್ನಿಟ್ಟು, ಬಾಯಿಯನ್ನು ಬಿಗಿಯಾಗಿ ಮುಚ್ಚದೆ, ಮನೆಯಿಂದಲೂ ಮೇವಿನಿಂದಲೂ ದೂರದ ನೆರಳಿನಲ್ಲಿ ಇಡಬೇಕು. ಉಪ್ಪುನೀರಿನಲ್ಲಿ ಹಾಕಿಟ್ಟರೆ ಶಕ್ತಿ ಪೂರ್ತಿ ಇಳಿಯುವುದೆಂದು ಕೆಲವರು ನಂಬಿರುವರು. ತುದಿಗಳು ತುಕ್ಕು ಹಿಡಿದು ಶಕ್ತಿ ಒಳಗೇ ಉಳಿಯಬಹುದಾದುದರಿಂದ ಅದು ನಂಬತಕ್ಕ ಉಪಾಯವಲ್ಲ. ಹೊಗೆ ಬರಲಾರಂಭಿಸಿದರೆ ಕೈಯಲ್ಲಿ ಎತ್ತಿಕೊಂಡು ಓಡದೆ, ಮಕ್ಕಳನ್ನು ಹೊರಗೆ ಕಳುಹಿಸಿ 112ಕ್ಕೆ ಕರೆ ಮಾಡಬೇಕು.

ಆದರೆ ಹಳ್ಳಿಯ ಒಂಟಿ ತಾಯಿಯು ಒಂದು ಬ್ಯಾಟರಿಗಾಗಿ ಸಂಗ್ರಹಿಸುವವರನ್ನು ಹುಡುಕಿಕೊಂಡು ನಗರವನ್ನು ಸುತ್ತಲಾರಳು. ಒಬ್ಬರಿಗೆ ಭಾರವಾದದ್ದು ನೂರು ಮನೆಗಳು ಕೂಡಿದರೆ ಹಗುರಾಗುವುದು. ಪೂರ್ವ ವಿದ್ಯಾರ್ಥಿನಿಯರು ವರ್ಷಕ್ಕೆ ಎರಡು ದಿನಗಳನ್ನು ಗೊತ್ತುಮಾಡಿ, ನೋಂದಣಿ ಪಡೆದ ಸಂಗ್ರಹಗಾರರನ್ನು ಆ ದಿನ ಬರಮಾಡಿಕೊಂಡರೆ ಟಿಕೋಟಾ, ಬಬಲೇಶ್ವರಗಳ ಮನೆಗಳವರೂ ಸಂತೆಗೆ ಬಂದಂತೆ ಬಂದು ಒಪ್ಪಿಸಿ ಹೋಗಬಹುದು. ಕೆಟ್ಟ ಬ್ಯಾಟರಿಯನ್ನು ದೊಡ್ಡವರೇ ತರಬೇಕು. ಯಾವ ಮಗುವಿನ ಪಾಟಿಚೀಲದಲ್ಲಿಯೂ ಅದು ಶಾಲೆಗೆ ಬರಬಾರದು. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ನಾಲ್ಕು ಜನರ ಮನಸ್ಸು ಬೇಕು.

ಕೊನೆಯದಾಗಿ, ಈ ನಿರ್ಣಯವನ್ನು ಮನೆಯಲ್ಲಿ ಯಾರು ಮಾಡಬೇಕು? ಯಂತ್ರದ ಮಾತು ಬಂದೊಡನೆ ಹೆಣ್ಣುಮಕ್ಕಳನ್ನು ಬದಿಗೆ ಸರಿಸುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಕಾರು ತಮ್ಮನದು, ಬ್ಯಾಟರಿ ಅಪ್ಪನದು, ಅದರ ಬದಿಯಲ್ಲಿ ಮಲಗುವುದು ಮಾತ್ರ ಎಲ್ಲರಿಗೂ ಸೇರಿದ್ದು ಎಂಬಂತಾಗಿದೆ. ವಿದ್ಯುತ್ತಿನ ಪಾಠವನ್ನು ಓದಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಮಗಳು ಮನೆಗೆ ಬಂದು “ಅಪ್ಪಾ, ಇದು ಉಬ್ಬೇದ, ಇದನ್ನ ಚಾರ್ಜಿಗೆ ಹಚ್ಚಬ್ಯಾಡ್ರಿ” ಎಂದರೆ “ನಿನಗೇನು ತಿಳೀತದ, ಸುಮ್ಮನಿರು” ಎಂಬ ಉತ್ತರ ಬರುವುದಾದರೆ ಆ ಪಾಠದಿಂದ ಆದ ಲಾಭವೇನು? ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಡುವುದೆಂದರೆ ಅವರ ಮಾತಿಗೆ ಮನೆಯಲ್ಲಿ ತೂಕವನ್ನು ಕೊಡುವುದೂ ಆಗಿದೆ. ಮಲ್ಟಿಮೀಟರನ್ನು ಅವಳ ಕೈಗೆ ಕೊಡಿರಿ, ಅಳೆದು ಹೇಳಲಿ. ಬೆಸುಗೆ ಹಾಕುವುದನ್ನು ಅವಳಿಗೂ ಕಲಿಸಿರಿ. ಸರಿಪಡಿಸಬಲ್ಲವಳು ಬಿಡು ಎಂದಾಗ ಆ ಮಾತಿಗೆ ಬೆಲೆ ಹೆಚ್ಚು. ಕಾರು ಓಡಿಸುವ ಆಸೆಯಿಂದ ಹುಡುಗನ ಕಣ್ಣು ಮಂಜಾದಾಗ ನೆಟ್ಟಗೆ ನೋಡುವವರೊಬ್ಬರು ಮನೆಯಲ್ಲಿರುವುದು ಅವನಿಗೂ ಕ್ಷೇಮ.

ಹೊಸ ಬ್ಯಾಟರಿ ಬಂದ ಮೇಲೆ ಅದನ್ನು ಕಾಪಾಡುವುದೂ ಅಷ್ಟೇ ಮುಖ್ಯ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದರಿಂದ ತಗಡಿನ ಮಾಡದ ಕೆಳಗೂ ನಿಂತ ವಾಹನದೊಳಗೂ ಬ್ಯಾಟರಿಯನ್ನು ಇಡಬಾರದು. ಓಡಿಸಿದೊಡನೆ ಚಾರ್ಜಿಗಿಡದೆ ತಣಿಯಲು ಬಿಡಬೇಕು. ಪರೀಕ್ಷೆಯ ದಿನಗಳಲ್ಲಿ ಕಾರನ್ನು ಎತ್ತಿಡುವುದಾದರೆ ಪೂರ್ತಿ ತುಂಬಿಸಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು, ಕೋಶಕ್ಕೆ 3.8 ವೋಲ್ಟಿನಷ್ಟು ಉಳಿಸಿ ಇಡಬೇಕು. ಕಾರಿನೊಡನೆ ಬಂದ ಚಾರ್ಜರನ್ನೇ ಬಳಸಿ, ಕಲ್ಲಿನ ನೆಲದ ಮೇಲೆ, ಯಾರಾದರೂ ಎಚ್ಚರವಿರುವಾಗ ಮಾತ್ರ ಚಾರ್ಜು ಮಾಡಬೇಕು. ಹೀಗೆ ನಡೆಸಿಕೊಂಡ ಬ್ಯಾಟರಿ ಹೆಚ್ಚು ದಿನ ಬಾಳುವುದು. ನಿಜವಾದ ಮಿತವ್ಯಯ ಇದೇ.

ಅಜ್ಜಿಯು ಕೌದಿ ಹೊಲಿಯುವಾಗ ಸಿಕ್ಕ ಸಿಕ್ಕ ಅರಿವೆಯನ್ನೆಲ್ಲ ಸೇರಿಸುವುದಿಲ್ಲ. ಒಂದೊಂದು ತುಂಡನ್ನೂ ಎಳೆದು ನೋಡಿ, ಜೀರ್ಣವಾದದ್ದನ್ನು ಬದಿಗಿಟ್ಟು, ಗಟ್ಟಿಯಾದದ್ದನ್ನು ಮಾತ್ರ ಹೊಲಿಯುವಳು. ಅವಳ ಕೈಯಲ್ಲಿ ಮಿತವ್ಯಯವೂ ವಿವೇಕವೂ ಕೂಡಿಯೇ ಇದ್ದವು. ಅವಳ ಮೊಮ್ಮಕ್ಕಳಾದ ನಮ್ಮ ಪೂರ್ವ ವಿದ್ಯಾರ್ಥಿನಿಯರು ಹೊಸ ಕಾಲದ ಈ ಹೊಸ ವಸ್ತುವನ್ನೂ ಅದೇ ಕಣ್ಣಿನಿಂದ ಎಳೆದು ನೋಡಲಿ, ಹೊಲಿಯತಕ್ಕದ್ದನ್ನು ಹೊಲಿಯಲಿ, ಬಿಡತಕ್ಕದ್ದನ್ನು ಬಿಡತಕ್ಕ ಎಡೆಯಲ್ಲಿಯೇ ಬಿಡಲಿ, ಅವರ ಮನೆಗಳಲ್ಲಿ ಮಕ್ಕಳ ಆಟವೂ ನಿದ್ರೆಯೂ ನಿರ್ಭಯವಾಗಿ ನಡೆಯಲಿ ಎಂದು ಹಾರೈಸುವೆವು.